ಮಿತಾಕ್ಷರೆಯಲ್ಲಿ ದುಷ್ಟಲಕ್ಷಣ ವಿಚಾರ

ಯಲಬುರ್ಗಾ ಸೀಮೆಯಲ್ಲಿ ಕುಕನೂರಿಗೆ ಸಮೀಪವಾದ ಇಟಗಿಯಲ್ಲಿ ಮಹಾದೇವ ದಂಡನಾಯಕನು ಕ್ರಿ. ಶ. 1112ರಲ್ಲಿ ದೇವಾಲಯವನ್ನೆತ್ತಿಸಿದನು. ಕೊಪ್ಪಳ, ಕುಷ್ಟಗಿ, ಗಂಗಾವತಿಗಳನ್ನೊಳಗೊಂಡ ಈ ನಾಡು ಆಗ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (1076–1126) ಆಳಿಕೆಗೆ ಒಳಪಟ್ಟಿದ್ದಿತು. ಆ ದಂಡನಾಯಕನ ಕಲ್ಗೆಲಸವನ್ನು ಕೊಂಡಾಡದವರಿಲ್ಲ. ಅದೇ ಅರಸನ ಕಾಲದಲ್ಲಿ ಹುಟ್ಟಿದ ವಿಜ್ಞಾನೇಶ್ವರನ ‘ಮಿತಾಕ್ಷರೆ’ಯನ್ನಾದರೋ ದಾಯವಿಭಾಗದ ಗ್ರಂಥವೆಂದು ಹೆಸರಿಸಿ ಬಿಟ್ಟುಬಿಡುವುದು ರೂಢಿಯಾಗಿದೆ. ಕೋಲ್‌ಬ್ರೂಕನು 1810ರಲ್ಲಿ ಆ ಭಾಗವನ್ನು ಇಂಗ್ಲಿಷಿಗೆ ಪರಿವರ್ತಿಸಿದ್ದೂ ನ್ಯಾಯಾಲಯಗಳು ಅದನ್ನು ಆಧರಿಸಿದ್ದೂ ಇದಕ್ಕೆ ಕಾರಣವು. ಆದರೆ ವ್ಯಾಖ್ಯಾನಕಾರನ ಬುದ್ಧಿಯ ಸೂಕ್ಷ್ಮತೆಯು ಮತ್ತೊಂದು ಸ್ಥಳದಲ್ಲಿ ಹೆಚ್ಚಾಗಿ ಕಂಡುಬರುತ್ತದೆ.

ಪದ್ಮನಾಭಭಟ್ಟನ ಮಗನಾದ ಈತನು ಪರಮಹಂಸ ಪರಿವ್ರಾಜಕನು. ಸೊತ್ತನ್ನು ತೊರೆದವನೇ ಸೊತ್ತಿನ ಹಂಚಿಕೆಗೆ ಪ್ರಮಾಣಪುರುಷನಾದುದು ವಿಚಿತ್ರವೆನಿಸಬಹುದು. ಆದರೆ ಯಾಜ್ಞವಲ್ಕ್ಯಸ್ಮೃತಿಯು ಆಚಾರ, ವ್ಯವಹಾರ, ಪ್ರಾಯಶ್ಚಿತ್ತಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿರುವುದರಿಂದ ಅದರ ವ್ಯಾಖ್ಯಾನಕಾರನಿಗೆ ನ್ಯಾಯವೂ ನೀತಿಯೂ ಬೇರೆಬೇರೆಯಲ್ಲ. ಸತ್ಯ ನುಡಿದರೆ ವರ್ಣಿಯೊಬ್ಬನ ವಧೆಯಾಗುವಲ್ಲಿ ಸಾಕ್ಷಿಯು ಅನೃತವನ್ನು ನುಡಿಯಬಹುದೆಂದು ಹೇಳುವ ಸ್ಮೃತಿಯು, ಅದರ ಶುದ್ಧಿಗಾಗಿ ಸಾರಸ್ವತ ಚರುವನ್ನೂ ವಿಧಿಸುತ್ತದೆ. ಸಭೆಯಲ್ಲಿ ಒಪ್ಪಿದ ಸುಳ್ಳಿಗೂ ಮನಸ್ಸಿನಲ್ಲಿ ಲೆಕ್ಕ ತೀರಬೇಕು.

ಇನ್ನು ಪ್ರಕೃತ ವಿಷಯ. ವ್ಯವಹಾರಾಧ್ಯಾಯದ 13ರಿಂದ 15ನೆಯ ಶ್ಲೋಕಗಳಲ್ಲಿ ಸ್ಮೃತಿಕಾರನು ದುಷ್ಟನ ಲಕ್ಷಣಗಳನ್ನು ಎಣಿಸುವನು: ನಿಂತಲ್ಲಿ ನಿಲ್ಲದಿರುವುದು, ಕಟವಾಯಿಯನ್ನು ನೆಕ್ಕುವುದು, ಹಣೆ ಬೆವರುವುದು, ಮುಖದ ಬಣ್ಣ ಕೆಡುವುದು, ಮಾತು ತೊದಲುವುದು, ಪೂರ್ವಾಪರ ವಿರುದ್ಧವಾಗಿ ಬಹಳ ನುಡಿಯುವುದು, ಎದುರಿನವನ ಮಾತಿಗೂ ನೋಟಕ್ಕೂ ಸರಿಯಾಗಿ ಪ್ರತಿ ಕೊಡದಿರುವುದು. ಹೀಗೆ ವಿಕಾರ ಹೊಂದುವವನು ವಾದದಲ್ಲಾಗಲಿ ಸಾಕ್ಷ್ಯದಲ್ಲಾಗಲಿ ದುಷ್ಟನೆಂದು ಮೂಲವು ಹೇಳುತ್ತದೆ. ಸಾಮಾನ್ಯ ವ್ಯಾಖ್ಯಾನಕಾರನು ಇಲ್ಲಿ ಪದಗಳಿಗೆ ಅರ್ಥ ಬರೆದು ಮುಂದೆ ಸಾಗುತ್ತಿದ್ದನು. ವಿಜ್ಞಾನೇಶ್ವರನು ನಿಲ್ಲುವನು. ಈ ಲಕ್ಷಣಗಳು ದೋಷದ ಸಂಭಾವನೆಗೆ ಮಾತ್ರ ಸಾಲುವುವು, ನಿಶ್ಚಯಕ್ಕೆ ಸಾಲವು. ಏಕೆಂದರೆ ಸ್ವಾಭಾವಿಕ ವಿಕಾರವನ್ನೂ ಭಯಾದಿ ನಿಮಿತ್ತಗಳಿಂದ ಬಂದ ವಿಕಾರವನ್ನೂ ಬೇರ್ಪಡಿಸಿ ತಿಳಿಯುವುದು ಕಷ್ಟ. ನಿಪುಣನೊಬ್ಬನು ತಿಳಿದನೆಂದೇ ಇಟ್ಟುಕೊಂಡರೂ ಅದರಿಂದ ಪರಾಜಯವನ್ನು ಸಾರಲಾಗದು. ಮರಣಚಿಹ್ನೆ ಕಂಡಿತೆಂದು ಯಾರೂ ಬದುಕಿರುವವನಿಗೆ ಉತ್ತರಕ್ರಿಯೆ ಮಾಡುವುದಿಲ್ಲವಷ್ಟೆ! ಮೂಲವಚನವನ್ನು ತಳ್ಳಿಹಾಕದೆಯೇ ಅದರ ವ್ಯಾಪ್ತಿಗೆ ಗೆರೆಯೆಳೆದ ಈ ಕ್ರಮವು ಮೀಮಾಂಸಾಪರಿಚಯದ ಫಲವು.

ಇಲ್ಲಿ ಒಂದು ಆಕ್ಷೇಪವುಂಟು. ಲಿಖಿತ, ಭುಕ್ತಿ, ಸಾಕ್ಷಿಗಳಿಲ್ಲದಲ್ಲಿ ತುಲೆ, ಅಗ್ನಿ, ಜಲ, ವಿಷ, ಕೋಶವೆಂಬ ದಿವ್ಯಗಳನ್ನು ಸ್ಮೃತಿಯು ವಿಧಿಸುತ್ತದೆ; ವ್ಯಾಖ್ಯಾನಕಾರನು ಅವನ್ನು ಒಪ್ಪಿ ವಿವರಿಸುವನು. ಬೆವರಿದ ಹಣೆಯನ್ನು ನಂಬದವನು ಕಾದ ಕಬ್ಬಿಣವನ್ನು ಹೊತ್ತ ಅಂಗೈಯನ್ನು ನಂಬುವುದೆಂತು? ದಿವ್ಯವು ದೈವಪ್ರಮಾಣ, ಲಕ್ಷಣವು ಬರಿಯ ಅನುಮಾನವೆಂದು ಸಮಾಧಾನ ಹೇಳಬಹುದು. ಆದರೂ ಒಂದು ಕಡೆ ಎತ್ತಿದ ಸಂಶಯವನ್ನು ಇನ್ನೊಂದು ಕಡೆ ಎತ್ತದಿದ್ದುದು ಗ್ರಂಥದ ಕೊರತೆಯೇ ಸರಿ.

ಆ ಕೊರತೆಯಿಂದ ಮೊದಲಿನ ವಿಚಾರದ ಬೆಲೆ ಕುಂದುವುದಿಲ್ಲ. ಸೆಲ್ವಿ ಮತ್ತು ಕರ್ನಾಟಕ ರಾಜ್ಯಗಳ ವ್ಯಾಜ್ಯದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು, ಸುಳ್ಳುಪತ್ತೆ ಯಂತ್ರ, ಮಂಪರು ಪರೀಕ್ಷೆ, ಮಿದುಳಿನ ಪರೀಕ್ಷೆಗಳನ್ನು ಒಬ್ಬನ ಮೇಲೆ ಬಲಾತ್ಕಾರವಾಗಿ ನಡೆಸಕೂಡದೆಂದು ತೀರ್ಪಿತ್ತಿತು. ಅದರ ಮುಖ್ಯ ಆಧಾರವು ಸಂವಿಧಾನದ 20(3) ಮತ್ತು 21ನೆಯ ಅನುಚ್ಛೇದಗಳು. ವಿಜ್ಞಾನೇಶ್ವರನ ಆಧಾರವು ಪ್ರಮಾಣಶಾಸ್ತ್ರ. ಎರಡನ್ನೂ ಒಂದೆನ್ನುವುದು ಅವಿಚಾರವಾದೀತು. ಆದರೆ ಯಂತ್ರವು ಗುರುತಿಸುವ ದೇಹವಿಕಾರವು ಸುಳ್ಳಿನಿಂದಲ್ಲದೆ ಅಂಜಿಕೆಯಿಂದಲೂ ಬರಬಹುದೆಂಬ ಮಾತನ್ನು ಆ ತೀರ್ಪೂ ಗಮನಿಸಿದೆ. ಕಲ್ಯಾಣದ ಯತಿಯು ಯಂತ್ರವಿಲ್ಲದ ಕಾಲದಲ್ಲಿ ಕಂಡ ತೊಡಕು ಇದೇ. ಅಂಜಿದವನನ್ನು ಅಪರಾಧಿಯೆಂದು ಬಗೆಯದಿರುವುದು ನ್ಯಾಯಕ್ಕೂ ನೀತಿಗೂ ಸಮಾನವಾದ ಮೊದಲ ಪಾಠವು. ಮಿತಾಕ್ಷರೆಯನ್ನು ಬೋಧಿಸುವವರು ದಾಯಭಾಗಕ್ಕಿಂತ ಮುಂಚೆ ಈ ಪಂಕ್ತಿಗಳನ್ನು ಓದಿಸುವುದು ಯುಕ್ತವು.