ಅಂಗಾಂಗ ಕಸಿಯ ಕಾಯಿದೆಯೂ ಸಮಾಜ ಕಾರ್ಯಕರ್ತರ ಸ್ಥಾನವೂ: ಒಂದು ವಿಮರ್ಶೆ

ಕಾವ್ಯವನ್ನೂ ಪುರಾಣವನ್ನೂ ವಿಮರ್ಶಿಸುವ ಪರಿಪಾಠ ಕನ್ನಡದಲ್ಲಿ ಚೆನ್ನಾಗಿಯೇ ಬೆಳೆದುಬಂದಿದೆ. ಆದರೆ ಕಾಯಿದೆಯೊಂದನ್ನು ಗ್ರಂಥದಂತೆ ಎದುರಿಗಿಟ್ಟುಕೊಂಡು, ಅದು ಮನುಷ್ಯನನ್ನು ಯಾವ ದೃಷ್ಟಿಯಿಂದ ಕಂಡಿದೆ ಎಂದು ಪರಿಶೀಲಿಸುವುದು ವಿರಳ. ಕಾಯಿದೆಯು ವಕೀಲರಿಗೆ ಸೇರಿದ್ದೆಂಬ ಭಾವನೆಯೇ ಇದಕ್ಕೆ ಕಾರಣ. ಆಸ್ತಿ, ತೆರಿಗೆ, ಕರಾರುಗಳ ಮಟ್ಟಿಗೆ ಈ ಭಾವನೆ ಹೇಗೋ ನಡೆದೀತು. ಕುಟುಂಬವೊಂದು ಅತ್ಯಂತ ಸಂಕಟದಲ್ಲಿರುವ ಗಳಿಗೆಯಲ್ಲಿ ಮನೆಯೊಳಕ್ಕೆ ಬಂದು, ಯಾರು ಯಾರಿಗೆ ತಮ್ಮ ದೇಹದ ಭಾಗವನ್ನು ಕೊಡಬಹುದೆಂದು ವಿಧಿಸುವ ಕಾಯಿದೆಯನ್ನಾದರೂ ಗೃಹಸ್ಥರು ಓದಲೇಬೇಕು.

1994ರ ಮಾನವ ಅಂಗಾಂಗಗಳ ಕಸಿ ಕಾಯಿದೆ, 2011ರಲ್ಲಿ ಅದಕ್ಕೆ ಬಂದ ತಿದ್ದುಪಡಿ, 2014ರ ನಿಯಮಾವಳಿ, ಈ ಮೂರನ್ನೂ ಒಟ್ಟಿಗೆ ಓದಿದಾಗ ಒಂದು ಪ್ರಶ್ನೆ ಏಳುತ್ತದೆ. ಶಸ್ತ್ರವೈದ್ಯರ ಹೊಣೆಯೇನೆಂಬುದು ಇವುಗಳಲ್ಲಿ ಸ್ಪಷ್ಟವಾಗಿದೆ; ಅಧಿಕಾರಿಗಳ ಹೊಣೆಯೂ ಸ್ಪಷ್ಟವಾಗಿದೆ. ರೋಗಿಯ, ದಾನಿಯ, ಅವರ ಮನೆಯವರ ಬಳಿ ಕುಳಿತು ಮಾತನಾಡಬೇಕಾದ ಸಮಾಜ ಕಾರ್ಯಕರ್ತರಿಗೆ ಇವು ಕೊಟ್ಟಿರುವ ಸ್ಥಾನ ಯಾವುದು?

ಈ ಕಾಯಿದೆ ಹುಟ್ಟಿದ್ದು ಸಂಶಯದಿಂದ. ಆ ಸಂಶಯಕ್ಕೆ ಬಲವಾದ ಕಾರಣವೂ ಇತ್ತು. 1980ರ ದಶಕದಲ್ಲಿ ಮುಂಬಯಿ, ಮದರಾಸು, ಬೆಂಗಳೂರು ನಗರಗಳಲ್ಲಿ ಬಡವರ ಮೂತ್ರಪಿಂಡಗಳ ಕ್ರಯವಿಕ್ರಯ ಹೆಚ್ಚುಕಡಿಮೆ ಬಹಿರಂಗವಾಗಿಯೇ ನಡೆಯುತ್ತಿತ್ತು. ಮದರಾಸಿನ ವಿಲ್ಲಿವಾಕ್ಕಂ ಬಡಾವಣೆಗೆ ಜನರು ‘ಕಿಡ್ನಿವಾಕ್ಕಂ’ ಎಂದು ಅಡ್ಡಹೆಸರಿಡುವಷ್ಟು ಅದು ವ್ಯಾಪಿಸಿತ್ತು. ಚೆನ್ನೈನಲ್ಲಿ ಮೂತ್ರಪಿಂಡ ಮಾರಿದ್ದ 305 ಜನರನ್ನು ವಿಚಾರಿಸಿ ನಡೆಸಿದ ಅಧ್ಯಯನವೊಂದು 2002ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 96 ಮಂದಿ ಸಾಲ ತೀರಿಸಲೆಂದು ಮಾರಿದ್ದರು. ಮಾರಿದ ಬಳಿಕ ಅವರ ಕುಟುಂಬಗಳ ವರಮಾನ ಸರಾಸರಿ ಮೂರನೆಯ ಒಂದು ಪಾಲು ಕುಸಿದಿತ್ತು. ಸುಮಾರು ಮುಕ್ಕಾಲು ಪಾಲು ಜನರು ಮತ್ತೆ ಸಾಲದಲ್ಲಿಯೇ ಇದ್ದರು. ಅಸಲನ್ನೇ ಮಾರಿ ಬಡ್ಡಿ ಕಟ್ಟಿದವನ ಗತಿ ಏನಾಗುವುದೆಂಬುದನ್ನು ಲೆಕ್ಕ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಂತಹ ವ್ಯಾಪಾರವನ್ನು ಕಾಯಿದೆ ಅಪರಾಧವೆಂದು ಸಾರಿತು. ಮೊದಲು ಎರಡರಿಂದ ಏಳು ವರ್ಷಗಳಷ್ಟಿದ್ದ ಸೆರೆವಾಸವನ್ನು ತಿದ್ದುಪಡಿಯು ಐದರಿಂದ ಹತ್ತು ವರ್ಷಗಳಿಗೆ ಏರಿಸಿತು. ದಂಡವನ್ನು 20 ಲಕ್ಷದಿಂದ 1 ಕೋಟಿ ರೂಪಾಯಿಯವರೆಗೆ ನಿಗದಿಪಡಿಸಿತು. ದಾನಿಯು ಸಮೀಪದ ಬಂಧುವಲ್ಲದಿದ್ದರೆ ಅನುಮೋದನಾ ಸಮಿತಿಯ ಮುಂದೆ ಹಾಜರಾಗಬೇಕು. ದಾನಿಗೂ ರೋಗಿಗೂ ಇರುವ ಸಂಬಂಧವೇನು, ಕೊಡುವ ಮನಸ್ಸು ಹೇಗೆ ಬಂತು, ನಡುವೆ ದಲ್ಲಾಳಿ ಇದ್ದಾನೆಯೆ, ಇಬ್ಬರ ಹಿಂದಿನ ಮೂರು ಆರ್ಥಿಕ ವರ್ಷಗಳ ವರಮಾನವೆಷ್ಟು, ಅವರ ಸ್ಥಿತಿಗತಿಗಳಲ್ಲಿ ಅಜಗಜಾಂತರವಿದೆಯೆ ಎಂಬುದನ್ನೆಲ್ಲ ಸಮಿತಿ ಪರಿಶೀಲಿಸಬೇಕು. ದಾನಿಯ ಮನೆಯವರನ್ನು ಕರೆಸಿ, ಅವರಿಗೆ ಭಿನ್ನಾಭಿಪ್ರಾಯವಿದೆಯೆ ಎಂದೂ ಕೇಳಬೇಕು. ಇದು ಮೆಚ್ಚತಕ್ಕ ವ್ಯವಸ್ಥೆ. ಹಣವು ಎಲ್ಲಿಂದ ಎಲ್ಲಿಗೆ ಹರಿಯಿತೆಂಬುದನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಪ್ರಶ್ನಾವಳಿಯನ್ನು ನುರಿತ ಲೆಕ್ಕ ಪರಿಶೋಧಕರೂ ರಚಿಸಲಾರರು.

ಆದರೆ ಇದರ ಮಿತಿಯೂ ಇಲ್ಲಿಯೇ ಇದೆ. ಸಂಶಯದ ಕಣ್ಣಿಗೆ ಕಾಣುವುದು ವ್ಯವಹಾರ ಮಾತ್ರ. ವ್ಯವಹಾರವಿಲ್ಲದೆಡೆ ಆಗಬಹುದಾದ ಅನ್ಯಾಯ ಅದಕ್ಕೆ ಕಾಣುವುದಿಲ್ಲ. ಹೊರಗಿನವರ ವಿಷಯದಲ್ಲಿ ಅತಿ ಜಾಗರೂಕವಾದ ಕಾಯಿದೆ, ಪತಿ ಪತ್ನಿ, ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು ಎಂಬ ಸಮೀಪದ ಬಂಧುಗಳ ವಿಷಯದಲ್ಲಿ ಮುಖ್ಯವಾಗಿ ದಾಖಲೆಗಳನ್ನು ನೋಡಿ ತೃಪ್ತಿಪಡುತ್ತದೆ. ಮದುವೆಯ ಪ್ರಮಾಣಪತ್ರ ಸರಿಯಿದ್ದರೆ, ರಕ್ತಸಂಬಂಧದ ಪುರಾವೆ ಸರಿಯಿದ್ದರೆ, ಕಸಿ ನಡೆಯುವ ಆಸ್ಪತ್ರೆಯ ಮಟ್ಟದಲ್ಲಿಯೇ ಅನುಮತಿ ದೊರೆಯುತ್ತದೆ. ಕುಟುಂಬದೊಳಗೆ ಇರುವುದೆಲ್ಲ ಪ್ರೀತಿಯೇ ಎಂಬುದು ಇದರ ಹಿಂದಿನ ನಂಬಿಕೆ.

ಈ ನಂಬಿಕೆಯನ್ನು ಅಂಕಿ ಅಂಶಗಳ ಎದುರಿನಲ್ಲಿಟ್ಟು ನೋಡಬೇಕು. 2019ರಿಂದ 2023ರವರೆಗಿನ ಐದು ವರ್ಷಗಳಲ್ಲಿ ಭಾರತದಲ್ಲಿ ಜೀವಂತ ದಾನಿಗಳಿಂದ 56 ಸಾವಿರಕ್ಕೂ ಹೆಚ್ಚು ಅಂಗದಾನಗಳಾದವು. ಕೊಟ್ಟವರಲ್ಲಿ ಸುಮಾರು ಶೇ. 63 ಮಂದಿ ಸ್ತ್ರೀಯರು. ಪಡೆದವರಲ್ಲಿ ಸ್ತ್ರೀಯರು ಸುಮಾರು ಶೇ. 30 ಮಾತ್ರ. ತಾಯಂದಿರ, ಪತ್ನಿಯರ ಪ್ರೀತಿಯನ್ನು ಇಲ್ಲಿ ಯಾರೂ ಅನುಮಾನಿಸಬೇಕಾಗಿಲ್ಲ. ಆದರೆ ಕೊಡುವ ಪ್ರೀತಿ ಒಂದು ಪಾಲಿನಲ್ಲಿ ಹೆಚ್ಚಾಗಿ, ಪಡೆಯುವ ಭಾಗ್ಯ ಇನ್ನೊಂದು ಪಾಲಿನಲ್ಲಿ ಹೆಚ್ಚಾಗಿ ಸೇರಿರುವಾಗ, ಅದನ್ನು ಕೇವಲ ಪ್ರೀತಿಯ ಲೆಕ್ಕವೆಂದು ಮುಚ್ಚಿಡುವುದು ನ್ಯಾಯವಲ್ಲ. ದುಡಿಯುವವನು ಉಳಿಯಬೇಕು, ಮನೆಯಲ್ಲಿರುವವಳು ಕೊಡಬಹುದು ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡಬೇಕಾಗಿಲ್ಲ. ಮನೆಯ ಮೌನವೇ ಅದನ್ನು ಆಡಿಬಿಡುತ್ತದೆ.

ನಿಯಮಾವಳಿಯನ್ನು ರಚಿಸಿದವರಿಗೆ ಇದರ ಅರಿವು ಇರಲಿಲ್ಲವೆಂದಲ್ಲ. ದಾನಿಯು ಸ್ತ್ರೀಯಾಗಿದ್ದಲ್ಲಿ ಹೆಚ್ಚಿನ ಎಚ್ಚರ ವಹಿಸಬೇಕೆಂದೂ, ಅವಳ ಗುರುತನ್ನೂ ಸ್ವತಂತ್ರ ಸಮ್ಮತಿಯನ್ನೂ ಅಂಗವನ್ನು ಪಡೆಯುವವರಲ್ಲದ ಬೇರೊಬ್ಬರು ದೃಢೀಕರಿಸಬೇಕೆಂದೂ 2014ರ ನಿಯಮ ಹೇಳುತ್ತದೆ. ಉದ್ದೇಶ ಶ್ಲಾಘ್ಯ, ಪದಪ್ರಯೋಗ ಸಡಿಲ. ಪಡೆಯುವವನು ಗಂಡನಾದರೆ, ಅವನಲ್ಲದ ಬೇರೊಬ್ಬರು ಯಾರು? ಅತ್ತೆಯೂ ಬೇರೊಬ್ಬರೇ, ಮೈದುನನೂ ಬೇರೊಬ್ಬನೇ. ಸೊಸೆಯ ಸಮ್ಮತಿ ಸ್ವತಂತ್ರವಾದದ್ದೆಂದು ಅತ್ತೆ ದೃಢೀಕರಿಸಿದರೆ ಈ ಮಾತುಗಳ ಮಟ್ಟಿಗೆ ನಿಯಮದ ಪಾಲನೆಯಾಯಿತು, ಅದರ ಉದ್ದೇಶ ಸತ್ತಿತು. ಆ ಬೇರೊಬ್ಬರು ತರಬೇತಿ ಪಡೆದ ಸಮಾಜ ಕಾರ್ಯಕರ್ತರಾಗಿರಬೇಕು, ಆ ಮಾತುಕತೆ ಮನೆಯವರ ಅನುಪಸ್ಥಿತಿಯಲ್ಲಿ ನಡೆಯಬೇಕು ಎಂಬ ಎರಡು ಮಾತುಗಳಿದ್ದರೆ ನಿಯಮಕ್ಕೆ ಪ್ರಾಣ ಬರುತ್ತಿತ್ತು.

ಸಮಾಜ ಕಾರ್ಯವನ್ನು ಕಾಯಿದೆ ಪೂರ್ಣವಾಗಿ ಮರೆತಿದೆಯೆಂದು ಹೇಳುವುದೂ ಸರಿಯಲ್ಲ. 2011ರ ತಿದ್ದುಪಡಿಯ ದೊಡ್ಡ ಗುಣವೆಂದರೆ, ಕಸಿ ಸಂಯೋಜಕರನ್ನು ನೇಮಿಸದ ಆಸ್ಪತ್ರೆಗೆ ನೋಂದಣಿಯೇ ಇಲ್ಲವೆಂದು ಅದು ಕಡ್ಡಾಯಗೊಳಿಸಿದ್ದು. ಇವರ ಅರ್ಹತೆಯನ್ನು ನಿಯಮಾವಳಿ ಹೇಳುತ್ತದೆ: ವೈದ್ಯ ಪದವೀಧರರು ಆಗಬಹುದು, ದಾದಿಯರು ಆಗಬಹುದು, ಯಾವುದೇ ವಿಷಯದ ಪದವೀಧರರೂ ಆಗಬಹುದು; ಈ ಕೊನೆಯವರಿಗೆ ಸಮಾಜ ಕಾರ್ಯ, ಸಮಾಜಶಾಸ್ತ್ರ ಮುಂತಾದ ವಿಷಯಗಳಲ್ಲಿ ಸ್ನಾತಕೋತ್ತರ ಪದವಿ ಇದ್ದರೆ ಒಳ್ಳೆಯದು. ‘ಇದ್ದರೆ ಒಳ್ಳೆಯದು’ ಎಂಬ ಈ ಮಾತಿನಲ್ಲಿಯೇ ಸಮಾಜ ಕಾರ್ಯದ ಸ್ಥಾನ ನಿರ್ಣಯವಾಗಿಹೋಗಿದೆ. ಔಷಧಿಯ ಅಂಗಡಿಗೆ ಫಾರ್ಮಸಿ ಬಲ್ಲವರು ಇದ್ದರೆ ಒಳ್ಳೆಯದೆಂದು ಯಾವ ಕಾಯಿದೆಯೂ ಹೇಳುವುದಿಲ್ಲ, ಇರಲೇಬೇಕೆಂದು ಹೇಳುತ್ತದೆ. ಶೋಕದಲ್ಲಿರುವವರೊಡನೆ ಮಾತನಾಡುವ ವಿದ್ಯೆಯನ್ನು ಮಾತ್ರ ಯಾರಾದರೂ ಕೆಲಸ ಮಾಡುತ್ತ ಕಲಿತಾರೆಂದು ಬಿಟ್ಟುಬಿಡಲಾಗಿದೆ.

ಇದಕ್ಕಿಂತ ಸೂಕ್ಷ್ಮವಾದ ದೋಷ ಇನ್ನೊಂದಿದೆ. ಮಿದುಳು ಕಾಂಡದ ಮರಣವನ್ನು ನಾಲ್ವರು ವೈದ್ಯರ ಮಂಡಳಿ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. ಮೃತರು ಬದುಕಿರುವಾಗ ತಮ್ಮ ಇಚ್ಛೆಯನ್ನು ತಿಳಿಸಿರದಿದ್ದರೆ, ದಾನಕ್ಕೆ ಒಪ್ಪುವ ಅಥವಾ ನಿರಾಕರಿಸುವ ಅವಕಾಶ ಎರಡೂ ಉಂಟೆಂದು ವೈದ್ಯರು ಸಂಯೋಜಕರೊಡನೆ ಸಮಾಲೋಚಿಸಿ ಬಂಧುಗಳಿಗೆ ತಿಳಿಸಬೇಕೆಂದು ಕಾಯಿದೆ ಹೇಳುತ್ತದೆ. ಇಲ್ಲಿ ತಕ್ಕಡಿಯ ಎರಡು ತಟ್ಟೆಗಳೂ ಸಮವಾಗಿವೆ. ಆದರೆ ಅದೇ ಕಾಯಿದೆಯ ಅಡಿಯಲ್ಲಿ ಬಂದ ನಿಯಮಾವಳಿ, ಸಂಯೋಜಕರು ಬಂಧುಗಳಿಗೆ ಸಲಹೆ ನೀಡಿ ದಾನಕ್ಕೆ ಪ್ರೋತ್ಸಾಹಿಸಬೇಕು ಎನ್ನುತ್ತದೆ. ತಿಳಿಸುವುದು ಬೇರೆ, ಪ್ರೋತ್ಸಾಹಿಸುವುದು ಬೇರೆ. ಮೊದಲನೆಯದರಲ್ಲಿ ನಿರಾಕರಣೆಯೂ ಒಂದು ಗೌರವದ ಉತ್ತರ. ಎರಡನೆಯದರಲ್ಲಿ ಅದು ಸಂಯೋಜಕರ ಸೋಲು.

ಅಂಗದಾನವನ್ನು ಪ್ರೋತ್ಸಾಹಿಸಬಾರದೆಂದು ಇದರ ಅರ್ಥವಲ್ಲ. 2023ರಲ್ಲಿ ಭಾರತದಲ್ಲಿ 18 ಸಾವಿರಕ್ಕೂ ಹೆಚ್ಚು ಕಸಿಗಳಾದವು. ಮರಣಾನಂತರ ದಾನ ಮಾಡಿದವರು ಸುಮಾರು 1,100 ಮಂದಿ ಮಾತ್ರ. ಮೃತರಿಂದ ಬರುವ ದಾನ ಹೆಚ್ಚಾದಷ್ಟೂ ಜೀವಂತ ಪತ್ನಿಯರ, ತಾಯಂದಿರ ಮೇಲಿನ ಹೊರೆ ಕಡಿಮೆಯಾಗುತ್ತದೆ. ಆದುದರಿಂದ ಪ್ರಚಾರ ಬೇಕು. ಅದು ಸಭೆಗಳಲ್ಲಿ, ಶಾಲೆಗಳಲ್ಲಿ, ಪತ್ರಿಕೆಗಳಲ್ಲಿ ನಡೆಯಲಿ. ತೀವ್ರ ನಿಗಾ ಘಟಕದ ಬಾಗಿಲಲ್ಲಿ, ಮಗನನ್ನು ಕಳೆದುಕೊಂಡು ನಿಂತಿರುವ ತಂದೆಯ ಮುಂದೆ ಬೇಕಾಗಿರುವುದು ಪ್ರಚಾರಕರಲ್ಲ, ಆಪ್ತರು.

ವ್ಯಾಪಾರದಲ್ಲಿ ಒಂದು ಹಳೆಯ ನಿಯಮವಿದೆ: ನಗದು ಪೆಟ್ಟಿಗೆಯ ಕೀಲಿಕೈ ಇರುವವರ ಕೈಗೆ ಲೆಕ್ಕದ ತಪಾಸಣೆಯನ್ನು ಕೊಡಬಾರದು. ಆ ಮನುಷ್ಯ ಅಪ್ರಾಮಾಣಿಕನೆಂದಲ್ಲ. ಪ್ರಾಮಾಣಿಕನನ್ನು ಇಕ್ಕಟ್ಟಿಗೆ ಸಿಕ್ಕಿಸಬಾರದೆಂದು. ಕಸಿ ಸಂಯೋಜಕರನ್ನು ನೇಮಿಸುವುದು ಆಸ್ಪತ್ರೆ, ಸಂಬಳ ಕೊಡುವುದು ಆಸ್ಪತ್ರೆ. ಕಸಿಗಳ ಸಂಖ್ಯೆ ಹೆಚ್ಚಿದರೆ ಆಸ್ಪತ್ರೆಗೆ ಕೀರ್ತಿಯೂ ವರಮಾನವೂ ಬರುತ್ತವೆ. ದಾನಿ ಹಿಂಜರಿದಾಗ ಅವರ ಪರವಾಗಿ ನಿಲ್ಲಬೇಕಾದವರೂ ಇದೇ ಸಂಯೋಜಕರಾದರೆ, ಒಬ್ಬರೇ ಎರಡು ಪಕ್ಷಗಳ ವಕಾಲತ್ತು ವಹಿಸಿದಂತಾಯಿತು.

ಅಮೆರಿಕವು ಈ ಗಂಟನ್ನು ಬಿಡಿಸಲು ಪ್ರಯತ್ನಿಸಿದೆ. ಅಲ್ಲಿನ ಮೆಡಿಕೇರ್ ವ್ಯವಸ್ಥೆ 2007ರಲ್ಲಿ ಹೊರಡಿಸಿದ ನಿಯಮಗಳಂತೆ, ಕಸಿ ಕೇಂದ್ರಗಳು ರೋಗಿಗಳಿಗೂ ಜೀವಂತ ದಾನಿಗಳಿಗೂ ಅವರ ಕುಟುಂಬಗಳಿಗೂ ಅರ್ಹ ಸಮಾಜ ಕಾರ್ಯಕರ್ತರ ಸೇವೆಯನ್ನು ಒದಗಿಸಬೇಕು. ಜೀವಂತ ದಾನಿಗಳಿಂದ ಕಸಿ ಮಾಡುವ ಕೇಂದ್ರದಲ್ಲಿ ದಾನಿಯ ಹಿತಕ್ಕಾಗಿಯೇ ಸ್ವತಂತ್ರ ಪ್ರತಿನಿಧಿಯೊಬ್ಬರು ಅಥವಾ ಪ್ರತಿನಿಧಿಗಳ ತಂಡ ಇರಬೇಕು. ಅವರು ದೈನಂದಿನ ಕಸಿ ಕಾರ್ಯದಲ್ಲಿ ಭಾಗಿಗಳಾಗಿರಬಾರದು. ಶಸ್ತ್ರಕ್ರಿಯೆಯ ಬಳಿಕ ಆರು ತಿಂಗಳು, ಒಂದು ವರ್ಷ, ಎರಡು ವರ್ಷಗಳಿಗೆ ದಾನಿಯ ಸ್ಥಿತಿಯನ್ನು ವರದಿ ಮಾಡಬೇಕೆಂಬ ನಿಯಮವೂ ಅಲ್ಲಿದೆ.

ಹಾಗೆಂದು ಅಮೆರಿಕದ ನಿಯಮ ನಿರ್ದೋಷವಾದುದಲ್ಲ. ಕಸಿಯಾದ ಒಂದು ವರ್ಷದೊಳಗಿನ ಫಲಿತಾಂಶಗಳನ್ನು ಅಳೆದು ಕೇಂದ್ರಗಳ ಮಾನ್ಯತೆಯನ್ನು ನಿರ್ಧರಿಸುವ ಕ್ರಮವನ್ನೂ ಅದೇ ನಿಯಮಗಳು ತಂದಿದ್ದವು. ಇದರಿಂದ ಕೇಂದ್ರಗಳು ಕಷ್ಟದ ರೋಗಿಗಳನ್ನು ದೂರವಿಡತೊಡಗಿದವೆಂಬ ಟೀಕೆ ಬಂದು, ಮಾನ್ಯತೆಯ ನವೀಕರಣಕ್ಕೆ ಆ ಅಳತೆಗೋಲನ್ನು 2019ರಲ್ಲಿ ಕೈಬಿಡಲಾಯಿತು. ಅಂಕಿಯನ್ನೇ ಗುರಿಯಾಗಿಸುವ ನಿಯಮದ ಕೆಳಗೆ ಸಮಾಜ ಕಾರ್ಯಕರ್ತರು ರೋಗಿಯ ಆಪ್ತರಾಗುವ ಬದಲು ಬಾಗಿಲು ಕಾಯುವವರಾಗುವ ಅಪಾಯವಿದೆ. ನಿಯಮ ಇದ್ದರೆ ಸಾಲದು. ಅದು ಯಾರ ಕಡೆಗೆ ಮುಖಮಾಡಿ ನಿಂತಿದೆ ಎಂಬುದು ಮುಖ್ಯ.

ಇನ್ನಷ್ಟು ನಿಯಮಗಳೆಂದರೆ ಇನ್ನಷ್ಟು ವಿಳಂಬ, ವಿಳಂಬವೆಂದರೆ ಡಯಾಲಿಸಿಸ್ ಮೇಲೆ ದಿನ ನೂಕುವವರ ಸಾವು, ಎಂಬ ಆಕ್ಷೇಪಣೆ ವೈದ್ಯರಿಂದ ಬರುವುದು ಸಹಜ. ಆಕ್ಷೇಪಣೆ ತೂಕವುಳ್ಳದ್ದು. ಆದರೆ ಇಲ್ಲಿ ಕೇಳುತ್ತಿರುವುದು ಇನ್ನೊಂದು ನಮೂನೆಯನ್ನಲ್ಲ, ಇನ್ನೊಂದು ಮುದ್ರೆಯನ್ನಲ್ಲ. ದಾನಿಯೊಡನೆ ಏಕಾಂತದಲ್ಲಿ ಒಂದು ಗಂಟೆ ಮಾತನಾಡಲು ಕಸಿಯ ಸಂಖ್ಯೆಯಲ್ಲಿ ಪಾಲಿಲ್ಲದ ಒಬ್ಬರು ಬೇಕು, ಅಷ್ಟೆ. ಎಷ್ಟೋ ತಪಾಸಣೆಗಳಿಗೆ ವಾರಗಟ್ಟಲೆ ಕಾಯುವ ವ್ಯವಸ್ಥೆಗೆ ಈ ಒಂದು ಗಂಟೆ ಹೊರೆಯಾಗಲಾರದು.

ಶಸ್ತ್ರಕ್ರಿಯೆಯ ನಂತರದ ಲೆಕ್ಕವೂ ಒಂದಿದೆ. ದಾನಿಯ ಹಿಂದಿನ ಮೂರು ವರ್ಷಗಳ ವರಮಾನವನ್ನು ಕೇಳುವ ಸಮಿತಿ, ಮುಂದಿನ ಮೂರು ವರ್ಷಗಳಲ್ಲಿ ದಾನಿಯ ಜೀವನ ಹೇಗೆ ಸಾಗೀತೆಂದು ಕೇಳುವುದಿಲ್ಲ. ಕೇಂದ್ರ ಸರ್ಕಾರದ ನೌಕರರು ಅಂಗದಾನ ಮಾಡಿದರೆ 42 ದಿನಗಳವರೆಗೆ ವಿಶೇಷ ರಜೆಯುಂಟೆಂದು 2023ರಲ್ಲಿ ಆದೇಶವಾಗಿದೆ. ದಿನಗೂಲಿಯವರಿಗೆ, ಅಂಗಡಿಯ ಗುಮಾಸ್ತರಿಗೆ, ಮನೆಗೆಲಸದ ಹೆಂಗಸರಿಗೆ ಅಂತಹ ಆದೇಶವನ್ನು ಯಾರು ಹೊರಡಿಸುತ್ತಾರೆ? ಇಲ್ಲಿ ಕಾಯಿದೆಯ ಒಂದು ಒಳ್ಳೆಯ ಅಂಶವನ್ನು ಗಮನಿಸಬೇಕು. ನಿಷಿದ್ಧವಾದ ‘ಹಣಪಾವತಿ’ಯ ವ್ಯಾಖ್ಯೆಯಿಂದ, ಅಂಗದಾನದ ನೇರ ಪರಿಣಾಮವಾಗಿ ದಾನಿಗಾದ ನ್ಯಾಯವಾದ ಖರ್ಚನ್ನೂ ಗಳಿಕೆಯ ನಷ್ಟವನ್ನೂ 1994ರ ಕಾಯಿದೆಯೇ ಹೊರಗಿಟ್ಟಿದೆ. ಬೆಲೆ ಕೊಡುವುದು ಪಾಪ, ನಷ್ಟ ತುಂಬುವುದು ನ್ಯಾಯ ಎಂಬ ಭೇದವನ್ನು ಕಾಯಿದೆ ಬಲ್ಲದು.

ದೇವಾಲಯದ ಟ್ರಸ್ಟುಗಳೂ ದಾನಿ ಕುಟುಂಬಗಳೂ ಯೋಚಿಸಬೇಕಾದ ಭಾಗ ಇದು. ಕಸಿಗೆ ನೆರವು ಕೋರಿ ಬರುವ ಅರ್ಜಿಗಳಲ್ಲಿ ರೋಗಿಯ ಹೆಸರಿರುತ್ತದೆ, ಆಸ್ಪತ್ರೆಯ ಅಂದಾಜು ವೆಚ್ಚವಿರುತ್ತದೆ. ಅಂಗ ಕೊಡುವವರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಟ್ರಸ್ಟಿನ ನಮೂನೆಯಲ್ಲಿ ಆ ಸಾಲು ಸೇರಲಿ. ಮಂಜೂರಾದ ಹಣದಲ್ಲಿ ಒಂದು ಪಾಲು ದಾನಿಯ ವಾರ್ಷಿಕ ತಪಾಸಣೆಗೂ ಕಳೆದುಹೋದ ಕೂಲಿಗೂ ಮೀಸಲಾಗಲಿ. ಅದನ್ನು ಆಸ್ಪತ್ರೆಯ ಮತ್ತು ಸಮಿತಿಯ ಅರಿವಿನಲ್ಲಿ, ರಸೀದಿಗಳ ಆಧಾರದ ಮೇಲೆ, ಕಾನೂನು ಬಲ್ಲವರ ಸಲಹೆ ಪಡೆದು ಪಾವತಿ ಮಾಡಲಿ. ಅನುಕೂಲವುಳ್ಳ ಟ್ರಸ್ಟುಗಳು ಸಮಾಜ ಕಾರ್ಯದಲ್ಲಿ ಪದವಿ ಪಡೆದವರೊಬ್ಬರಿಗೆ ತಾವೇ ಸಂಬಳ ಕೊಟ್ಟು, ದಾನಿಗಳ ಹಿತಕ್ಕಾಗಿ ಮಾತ್ರ ದುಡಿಯುವಂತೆ ಮಾಡಲಿ. ಆಸ್ಪತ್ರೆಯ ಅನ್ನ ಉಣ್ಣದವರ ಮಾತಿಗೆ ಬೇರೆಯೇ ಬಲವಿರುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಗಂಡನಿಗೆ ಮೂತ್ರಪಿಂಡ ಕೊಡಲು ಮುಂದಾದ ಗೃಹಿಣಿಯನ್ನು ಶಸ್ತ್ರಕ್ರಿಯೆಗೆ ಮುನ್ನವೇ ಸಭೆಗೆ ಕರೆದು, ಶಾಲು ಹೊದಿಸಿ, ತ್ಯಾಗಮೂರ್ತಿಯೆಂದು ಹೊಗಳುವವರು ಸದುದ್ದೇಶದಿಂದಲೇ ಹಾಗೆ ಮಾಡುತ್ತಾರೆ. ಆದರೆ ಆ ಶಾಲು ಹೆಗಲಿಗೇರಿದ ಮೇಲೆ, ‘ನನಗೆ ಭಯವಾಗುತ್ತಿದೆ, ಬೇಡ’ ಎಂದು ಹೇಳುವ ದಾರಿ ಅವಳಿಗೆ ಮುಚ್ಚಿಹೋಗುತ್ತದೆ. ಬೇಡವೆನ್ನುವ ದಾರಿ ತೆರೆದಿರುವಾಗ ಕೊಟ್ಟದ್ದು ಮಾತ್ರ ದಾನ. ಆ ದಾರಿಯನ್ನು ತೆರೆದಿಡುವ ಹೊಣೆಯನ್ನು ಕಾಯಿದೆ ಸ್ಪಷ್ಟವಾಗಿ ಯಾರಿಗೂ ವಹಿಸಿಲ್ಲ. ವಹಿಸುವವರೆಗೆ ಆ ಹೊಣೆ ದಾನಿಯ ಸುತ್ತಲಿರುವ ಪ್ರತಿಯೊಬ್ಬರದು.