ಔಷಧತೈಲಗಳ ರಾಸಾಯನಿಕ ಪರೀಕ್ಷೆ: ಒಂದು ವಿಮರ್ಶೆ

ಶಿವಾಜಿನಗರದ ಗ್ರಂಧಿಗೆ ಅಂಗಡಿಯಲ್ಲಿ ವಾತದ ಎಣ್ಣೆಯನ್ನು ಕೊಳ್ಳುವ ರೋಗಿಗೆ, ಸೀಸೆಯೊಳಗಿರುವುದು ಹೆಸರಿಗೆ ತಕ್ಕ ತೈಲವೇ ಎಂಬುದನ್ನು ತಾನಾಗಿ ಅರಿಯುವ ಮಾರ್ಗವಿಲ್ಲ. 1964ರ ತಿದ್ದುಪಡಿಯಿಂದ ಆಯುರ್ವೇದ ಔಷಧಗಳು ಔಷಧ ಕಾಯಿದೆಯ ವ್ಯಾಪ್ತಿಗೆ ಬಂದವು. 1978ರಲ್ಲಿ ಭಾರತ ಸರ್ಕಾರವು ಆಯುರ್ವೇದೀಯ ಯೋಗಸಂಗ್ರಹದ ಪ್ರಥಮ ಭಾಗವನ್ನು ಪ್ರಕಟಿಸಿತು. ತರುವಾಯ ತೈಲಗಳಿಗೆ ರಾಸಾಯನಿಕ ಮಾನಗಳೂ ಗೊತ್ತಾದವು. ಈ ಅಂಕಗಳು ಯಾವುದಕ್ಕೆ ಸಾಕ್ಷಿ? ಇತಿಹಾಸದ ವಿದ್ಯಾರ್ಥಿಯು ಶಾಸನದ ಮುಂದೆ ಕೇಳುವ ಈ ಪ್ರಶ್ನೆಯನ್ನೇ ಇಲ್ಲಿಯೂ ಕೇಳಬೇಕಾಗಿದೆ.

ನೂರು ಗ್ರಾಂ ಎಣ್ಣೆಯು ಹೀರುವ ಅಯೊಡಿನ್ನಿನ ಗ್ರಾಂಗಳೇ ಅದರ ಅಯೊಡಿನ್ ಅಂಕ. ಎಳ್ಳೆಣ್ಣೆಯಲ್ಲಿ ಇದು ಸಾಮಾನ್ಯವಾಗಿ 100ನ್ನು ಮೀರುತ್ತದೆ; ತೆಂಗಿನೆಣ್ಣೆಯಲ್ಲಿ 12ರೊಳಗೇ ಉಳಿಯುತ್ತದೆ. ಖನಿಜತೈಲವು ಕ್ಷಾರದೊಡನೆ ಸಾಬೂನಾಗದ ಕಾರಣ, ಅದರ ಬೆರಕೆಯನ್ನು ಸಾಬೂನೀಕರಣಾಂಕವು ಬಯಲಿಗೆಳೆಯುತ್ತದೆ. ಇವು ಅಲ್ಪ ಪ್ರಯೋಜನಗಳಲ್ಲ. ಆದರೆ ಇವೆಲ್ಲವೂ ಮೂಲದ ಎಣ್ಣೆಯನ್ನು ಕುರಿತ ಸಾಕ್ಷ್ಯ. ಅದರಲ್ಲಿ ಬೆಂದ ಮೂಲಿಕೆಗಳನ್ನು ಕುರಿತದ್ದಲ್ಲ.

ಶಾರ್ಙ್ಗಧರ ಸಂಹಿತೆಯು ಕಲ್ಕ ಒಂದು ಪಾಲು, ಸ್ನೇಹ ನಾಲ್ಕು, ದ್ರವ ಹದಿನಾರು ಎಂಬ ಪ್ರಮಾಣವನ್ನು ವಿಧಿಸುತ್ತದೆ. ಕಲ್ಕವು ಬೆರಳುಗಳ ನಡುವೆ ಬತ್ತಿಯಾಗಬೇಕು, ಬೆಂಕಿಗೆ ಹಾಕಿದರೆ ಚಟಚಟ ಎನ್ನಬಾರದು. ಸದ್ದಿಲ್ಲವೆಂದರೆ ನೀರು ಇಂಗಿದೆ ಎಂದರ್ಥ. ಉಳಿದ ನೀರು ಎಣ್ಣೆಯನ್ನು ಕೆಡಿಸಿ ಆಮ್ಲಾಂಕವನ್ನು ಏರಿಸಬಲ್ಲದು. ಪ್ರಾಚೀನರ ಕಿವಿಯೂ ಇಂದಿನ ಪ್ರಯೋಗಶಾಲೆಯೂ ಇಲ್ಲಿ ಒಂದೇ ದೋಷವನ್ನು ಅರಸುತ್ತವೆ.

ಮೂಲಿಕೆಯ ಗುರುತಿನ ಪ್ರಶ್ನೆಯು ಇದಕ್ಕಿಂತ ಜಟಿಲವಾದುದು. ರಾಸ್ನೆಯೆಂದರೆ ನಮ್ಮ ಕಡೆ ದುಂಪರಾಸ್ಮೆಯ ಗೆಡ್ಡೆ. ಉತ್ತರದಲ್ಲಿ ಬೇರೊಂದು ಗಿಡದ ಎಲೆ. ಎರಡು ತೈಲಗಳ ಹೆಸರೂ ಅಂಕಗಳೂ ಒಂದೇ ಆಗಿದ್ದು, ಒಳಗಣ ಮೂಲಿಕೆ ಬೇರೆಯಾಗಿರಬಹುದು. ದ್ರವ್ಯಗಳನ್ನು ಬೇರ್ಪಡಿಸಿ ತೋರಿಸುವ ತೆಳುಪದರ ವರ್ಣರೇಖನವು ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಬಲ್ಲದು. ಆದರೆ ಹೋಲಿಸಲು ಪ್ರಮಾಣಭೂತವಾದ ಮಾದರಿಯಿಲ್ಲದಿದ್ದರೆ ಅದೂ ಮೂಕಸಾಕ್ಷಿಯೇ.

ಆದಕಾರಣ, ಅಂಕಗಳು ಸರಿಬಂದುವೆಂದು ಪ್ರಾಚೀನರ ವೈದ್ಯವೇ ಸಿದ್ಧವಾಯಿತೆನ್ನುವವರೂ, ಎಳ್ಳೆಣ್ಣೆಯ ಅಂಕಗಳಲ್ಲದೆ ಬೇರೇನೂ ಕಾಣಲಿಲ್ಲವೆಂದು ತೈಲವನ್ನೇ ಅಲ್ಲಗಳೆಯುವವರೂ ಸಾಕ್ಷಿಯ ಬಾಯಲ್ಲಿ ತಮ್ಮ ಮಾತನ್ನು ತುರುಕುತ್ತಿದ್ದಾರೆ. ಮೂಲಿಕೆಯನ್ನೇ ಹಾಕದೆ, ಅದೇ ಎಣ್ಣೆಯನ್ನು ಅಷ್ಟೇ ನೀರಿನೊಡನೆ ಅಷ್ಟೇ ಹೊತ್ತು ಕಾಯಿಸಿ, ಎರಡನ್ನೂ ಜೊತೆಗಿಟ್ಟು ಪರೀಕ್ಷಿಸಿದ ವರದಿಗೆ ಮಾತ್ರ ಮೂಲಿಕೆಯ ವಿಷಯದಲ್ಲಿ ಮಾತನಾಡುವ ಅಧಿಕಾರವುಂಟು. ರೋಗ ಶಮನವಾಗುವುದೇ ಎಂಬುದನ್ನು ರೋಗಿಯಲ್ಲಿಯೇ ಪರೀಕ್ಷಿಸಬೇಕು. ಅದಕ್ಕೆ ಸೀಸೆಯ ಅಂಕಗಳು ಉತ್ತರವಾಗಲಾರವು.