ಆರಿಸಿದವರೇ ಗೋಡೆಗೂ ಹಾಕಲಿ

ಸ್ನಾತಕೋತ್ತರ ಕಲಾ ವಿದ್ಯಾರ್ಥಿಗಳ ಆಯ್ದ ಕೃತಿಗಳ ಪ್ರದರ್ಶನ ಎಲ್ಲೇ ನಡೆದರೂ ಏಳುವ ಜಗಳ ಒಂದೇ: ಯಾರದು ಒಳಗೆ ಬಂತು, ಯಾರದು ಹೊರಗುಳಿಯಿತು, ತೀರ್ಪುಗಾರರು ಯಾವ ಕಾಲೇಜಿನ ಕಡೆಯವರು. ಈ ಗದ್ದಲದಲ್ಲಿ ಇನ್ನೊಂದು ಪ್ರಶ್ನೆಯನ್ನು ಕೇಳುವವರೇ ಇಲ್ಲ. ಆಯ್ಕೆಯಾದದ್ದನ್ನು ಗೋಡೆಗೆ ಹಾಕಿದವರು ಯಾರು? ನಮ್ಮಲ್ಲಿ ಮೊದಲ ಸುತ್ತನ್ನು ಫೋಟೊ ನೋಡಿಯೇ ಮುಗಿಸುವ ರೂಢಿ ಬೆಳೆದಿದೆ. ಎಚಿಂಗ್ ತಟ್ಟೆಯ ಅಂಚು ಒದ್ದೆ ಕಾಗದದಲ್ಲಿ ಒತ್ತಿ ಮೂಡಿಸಿದ ತಗ್ಗು ಪರದೆಯ ಮೇಲೆ ಕಾಣದು. ಆರಡಿ ಕ್ಯಾನ್ವಾಸೂ ಅಂಗೈಯಗಲದ ಚಿತ್ರವೂ ಅಲ್ಲಿ ಒಂದೇ ಅಳತೆ. ತೀರ್ಪುಗಾರರು ಒಂದೊಂದನ್ನೇ ನೋಡಿ, ಗುರುತು ಹಾಕಿ ಹೊರಡುತ್ತಾರೆ. ಆಮೇಲೆ ಮೊಳೆಯ ಜಾಗ, ಫ್ರೇಮಿನ ಉದ್ದ ನೋಡಿ ತೂಗುಹಾಕುವವರು ಬೇರೆ ಯಾರೋ. ಬಿಡಿಬಿಡಿಯಾಗಿ ಆರಿಸಿದ್ದನ್ನು ನೋಡುಗ ಮಾತ್ರ ಒಟ್ಟಾಗಿ ನೋಡಬೇಕು. ಆರಿಸಿದವರೇ ಮುಂದೆ ನಿಂತು ಗೋಡೆಗೆ ಹಾಕಿಸಬೇಕು, ಯಾವುದರ ಪಕ್ಕ ಯಾವುದು, ಏಕೆ ಎಂದು ನಾಲ್ಕು ಸಾಲು ಬರೆದು ಸಹಿ ಮಾಡಬೇಕು ಎಂಬುದು ನನ್ನ ವಾದ.

ಲಂಡನ್ನಿನಲ್ಲಿ 1949ರಲ್ಲಿ 'ಯಂಗ್ ಕಂಟೆಂಪರರೀಸ್' ಎಂಬ ವಿದ್ಯಾರ್ಥಿ ಪ್ರದರ್ಶನ ಶುರುವಾಯಿತು. ಇಂದಿಗೂ 'ನ್ಯೂ ಕಂಟೆಂಪರರೀಸ್' ಎಂಬ ಹೆಸರಲ್ಲಿ ನಡೆಯುತ್ತಿದೆ. ಅದರ 1961ರ ಪ್ರದರ್ಶನದಲ್ಲಿ ಬ್ರಿಟಿಷ್ ಪಾಪ್ ಕಲೆಯ ಹೊಸ ಪೀಳಿಗೆ ಜನರ ಕಣ್ಣಿಗೆ ಬಿತ್ತು: ಡೇವಿಡ್ ಹಾಕ್ನಿ, ಆರ್.ಬಿ. ಕಿಟಾಯ್, ಡೆರೆಕ್ ಬೋಷಿಯರ್ ಮುಂತಾದವರು. ಹಾಗೆ ಬಿದ್ದದ್ದರಲ್ಲಿ ಆಯ್ಕೆಯ ಪಾಲು ಅರ್ಧ. ಉಳಿದರ್ಧ ವಿದ್ಯಾರ್ಥಿ ಸಮಿತಿಯ ಅಧ್ಯಕ್ಷ ಪೀಟರ್ ಫಿಲಿಪ್ಸ್ ಮತ್ತು ಕಾರ್ಯದರ್ಶಿ ಅಲೆನ್ ಜೋನ್ಸ್ ಅವರದು. (ಜೋನ್ಸ್‌ರನ್ನು ರಾಯಲ್ ಕಾಲೇಜ್ ಆಫ್ ಆರ್ಟ್ ಹಿಂದಿನ ವರ್ಷವಷ್ಟೇ ಹೊರಹಾಕಿತ್ತು!) ರಾಯಲ್ ಕಾಲೇಜಿನ ಗೆಳೆಯರ ಚಿತ್ರಗಳನ್ನು ಅವರು ಒಂದೆಡೆ ಸೇರಿಸಿ ತೂಗಿಸಿದರು. ಚೆದುರಿ ತೂಗಿದ್ದರೆ ತುಂಟ ಹುಡುಗರ ಚೇಷ್ಟೆಯೆನಿಸಬಹುದಾಗಿದ್ದ ಚಿತ್ರಗಳು ಅಕ್ಕಪಕ್ಕ ನಿಂತು ಒಂದು ಚಳವಳಿಯಂತೆ ಕಂಡವು. ಮರುವರ್ಷ ಹಾಕ್ನಿ ಇನ್ನೂ ಮುಂದೆ ಹೋಗಿ, ಜೋಡಣೆಯನ್ನೇ ಕೃತಿಯ ಭಾಗ ಮಾಡಿಕೊಂಡರು. ನಾಲ್ಕು ಚಿತ್ರ, ನಾಲ್ಕೂ ಬೇರೆ ಬೇರೆ ಶೈಲಿ, ಎಲ್ಲಕ್ಕೂ ಸೇರಿ 'ಬಹುಮುಖ ಪ್ರತಿಭೆಯ ಪ್ರದರ್ಶನಗಳು' ಎಂಬರ್ಥದ ಕೀಟಲೆಯ ಶೀರ್ಷಿಕೆ. ಅದರಲ್ಲೊಂದು ಟೈಫೂ ಚಹಾ ಪೊಟ್ಟಣದ ಆಕಾರಕ್ಕೇ ಕತ್ತರಿಸಿ ಜೋಡಿಸಿದ ಕ್ಯಾನ್ವಾಸು. ಪೊಟ್ಟಣದೊಳಗೆ ಒಬ್ಬ ಮನುಷ್ಯ ಕೂತಿದ್ದಾನೆ, ಒಂದು ಬದಿಯಲ್ಲಿ 'ಟೀ' ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಪೈಕಿ ಎರಡು ಹಿಂದುಮುಂದಾಗಿವೆ. ಒಂಟಿಯಾಗಿಯೂ ಅದು ಚೆಂದವೇ. ಆದರೆ ಶೈಲಿ ಎಂದರೆ ಕಲಾವಿದ ಬೇಕೆಂದಾಗ ತೊಟ್ಟು ಬೇಡವೆಂದಾಗ ಕಳಚಬಹುದಾದದ್ದು ಎಂಬ ಹಾಕ್ನಿಯ ಮಾತು ನಾಲ್ಕನ್ನೂ ಒಟ್ಟಿಗೆ ನೋಡಿದಾಗಲೇ ಹೊಳೆಯುವುದು. ಒಂದನ್ನು ಆರಿಸಿ ಮೂರನ್ನು ಬಿಡುವ ತೀರ್ಪುಗಾರ ಆ ಮಾತಿನ ಕತ್ತು ಹಿಸುಕಿದಂತೆ.

ಆರಿಸುವವರ ಕೈಗೇ ಗೋಡೆಯನ್ನೂ ಕೊಟ್ಟರೆ ಅವರ ಅಭಿರುಚಿಗೆ ಲಗಾಮು ಹಾಕುವವರಾರು, ಅಕ್ಷರಕ್ರಮದಲ್ಲಿ ತೂಗುಹಾಕಿದರೆ ಯಾರಿಗೂ ಅನ್ಯಾಯವಾಗದಲ್ಲ ಎಂದು ಕೇಳುವವರಿದ್ದಾರೆ. ಆ ಪ್ರಯೋಗ ಆಗಿಹೋಗಿದೆ. ಪ್ಯಾರಿಸ್ಸಿನ 1865ರ ಸಲೋನಿನಲ್ಲಿ ಎದ್ವಾರ್ ಮಾನೆ, ಕ್ಲೋದ್ ಮೊನೆ ಇಬ್ಬರೂ ಎಂ ಅಕ್ಷರದ ಕೋಣೆಗೆ ಬಿದ್ದರು. ಮೊನೆಯ ಕಡಲ ಚಿತ್ರಗಳಿಗಾಗಿ ಜನ ಮಾನೆಯನ್ನು ಅಭಿನಂದಿಸಿದರು. ಮಾನೆಯ 'ಒಲಿಂಪಿಯಾ'ಕ್ಕೆ ಬಂದದ್ದು ಬೈಗುಳ, ಕೊನೆಗೆ ಅದನ್ನು ಬಾಗಿಲ ಮೇಲಕ್ಕೆ, ಸುಲಭಕ್ಕೆ ಕಣ್ಣೆಟುಕದ ಎತ್ತರಕ್ಕೆ ಏರಿಸಬೇಕಾಯಿತು. 1917ರಲ್ಲಿ ನ್ಯೂಯಾರ್ಕಿನ ಸ್ವತಂತ್ರ ಕಲಾವಿದರ ಸಂಘ ತೀರ್ಪುಗಾರರೇ ಬೇಡವೆಂದಿತು; ಆರು ಡಾಲರ್ ಕಟ್ಟಿದವರೆಲ್ಲರ ಕೃತಿಗಳೂ ಅಕ್ಷರಕ್ರಮದಲ್ಲಿ, ಮೊದಲ ಅಕ್ಷರ ಯಾವುದೆಂಬುದು ಮಾತ್ರ ಚೀಟಿ ಎತ್ತಿ. ಅಲ್ಲಿಯೂ ಮಾರ್ಸೆಲ್ ದ್ಯುಶಾಂ ಬೇರೊಂದು ಹೆಸರಲ್ಲಿ ಕಳಿಸಿದ ಮೂತ್ರದ ತೊಟ್ಟಿಗೆ ಜಾಗ ಸಿಗಲಿಲ್ಲ. ತೀರ್ಪುಗಾರರಿಲ್ಲದ ಕಡೆಯೂ ತೀರ್ಪು ನಡೆದೇ ನಡೆಯಿತು, ಮುಚ್ಚಿದ ಬಾಗಿಲ ಹಿಂದೆ. ಅಭಿರುಚಿಯ ಅಪಾಯ ನಿಜ. ಸಹಿ ಹಾಕಿದ ಅಭಿರುಚಿಯ ಜೊತೆಯಾದರೂ ಜಗಳವಾಡಬಹುದು. ಅಕ್ಷರಮಾಲೆಯ ಜೊತೆ ಏನು ಜಗಳ?

ಇದಕ್ಕಿಂತ ತೂಕದ ಆಕ್ಷೇಪ ಬೇರೆಯಿದೆ. ವಿದ್ಯಾರ್ಥಿ ಇನ್ನೂ ತಡಕಾಡುತ್ತಿರುವವನು. ಅವನನ್ನು ಒಂದು ಗುಂಪಿನಲ್ಲಿ ನಿಲ್ಲಿಸಿದರೆ ಹಣೆಪಟ್ಟಿ ಕಚ್ಚಿಕೊಂಡುಬಿಡುತ್ತದೆ. ಕಿಟಾಯ್‌ಗೆ ಪಾಪ್ ಎಂಬ ಪಟ್ಟಿ ಎಂದೂ ಹಿಡಿಸಲಿಲ್ಲ, ಆದರೂ ಅದು ಅವರನ್ನು ಬಿಡಲಿಲ್ಲ. ಇದನ್ನು ಒಪ್ಪುತ್ತೇನೆ. ಅದಕ್ಕೇ ಜೋಡಣೆಯ ಕಾರಣವನ್ನು ಬರೆದು ಹಾಕಿ ಎನ್ನುವುದು. ಈ ಎರಡು ಚಿತ್ರ ಪಕ್ಕಪಕ್ಕ ಇರುವುದು ಎರಡರಲ್ಲೂ ಮಣ್ಣೇ ಬಣ್ಣವಾಗಿರುವುದರಿಂದ ಎಂದು ಗೋಡೆಯ ಮೇಲೆ ಬರೆದಿದ್ದರೆ, ವಿದ್ಯಾರ್ಥಿಯೂ ಅಲ್ಲೇ ನಿಂತು ಇಲ್ಲವೆನ್ನಬಹುದು. ಕೊಚ್ಚಿ-ಮುಜಿರಿಸ್ ಬಿನಾಲೆಯ ಜೊತೆ 2014ರಲ್ಲಿ ಆರಂಭವಾದ ಸ್ಟೂಡೆಂಟ್ಸ್ ಬಿನಾಲೆಯಲ್ಲಿ ಯುವ ಕ್ಯುರೇಟರ್‌ಗಳು ಕಲಾ ಕಾಲೇಜುಗಳಿಗೇ ಹೋಗಿ, ನೋಡಿ, ಆರಿಸಿ ಪ್ರದರ್ಶನ ಕಟ್ಟಿದರು. ಅಷ್ಟು ಓಡಾಟ ಎಲ್ಲರಿಗೂ ಆಗದು. ಆದರೆ ತೀರ್ಪುಗಾರರನ್ನು ಇನ್ನೊಂದು ದಿನ ಗ್ಯಾಲರಿಯಲ್ಲಿ ಉಳಿಸಿಕೊಳ್ಳಲು ಆಗುವ ಖರ್ಚು ಇನ್ನೊಂದು ದಿನದ ಗೌರವಧನ, ಊಟ. ದುಡ್ಡಿಲ್ಲವೆಂದರೆ ಮೂರನೇ ಬಹುಮಾನವನ್ನು ಕೈಬಿಡಿ. ಅದು ಯಾರಿಗೆ ಬಂತೆಂದು ಮರುವರ್ಷಕ್ಕೆ ನೆನಪಿಟ್ಟುಕೊಂಡವರನ್ನು ತೋರಿಸಿ ನೋಡೋಣ.